ಅತ್ತೆಯವರ ಮನಿಗಾಡಿ

ಹೀಥ್ರೂ ವಿಮಾನ ನಿಲ್ದಾಣದ ಚೆಕ್-ಇನ್ ಕೌಂಟರಿನಲ್ಲಿ ಕೂತು ಲೋಕದ ಮಂದಿಯನ್ನೆಲ್ಲ ಪ್ರವಾಸಕ್ಕೆ ಕಳಿಸಿಕೊಡುವುದು ನನ್ನ ಕೆಲಸ. ಒಬ್ಬರು ಮಾಲ್ದೀವ್ಸಿಗೆ ಹೊರಟಿರುತ್ತಾರೆ, ಇನ್ನೊಬ್ಬರು ಮೊರಾಕ್ಕೋಗೆ. ನಾನು ಅವರ ಸೂಟ್‌ಕೇಸಿಗೊಂದು ಪಟ್ಟಿ ಅಂಟಿಸಿ, ನನ್ನ ಮುಖಕ್ಕೊಂದು ನಗು ಅಂಟಿಸಿಕೊಂಡು, ಪಾಳಿ ಮುಗಿದ ಮೇಲೆ ಬಸ್ಸು ಹಿಡಿದು ಫೆಲ್ಥಮ್ಮಿನ ಮನೆಗೆ ಬರುತ್ತೇನೆ. ಬಡಿಸುವವರಿಗೂ ಹಸಿವಿರುತ್ತದೆ ಎಂದು ಪಂಕ್ತಿಯಲ್ಲಿ ಕೂತವರಿಗೆ ಹೊಳೆಯುವುದಿಲ್ಲ.

ಹಾಗಂತ ನಾನು ಎಲ್ಲೂ ಹೋಗಿಲ್ಲವೆಂದಲ್ಲ. ಮಗಳನ್ನು ಕರೆದುಕೊಂಡು ಪ್ಯಾರಿಸ್ ನೋಡಿದ್ದೇನೆ. ನಮ್ಮವರು ಅದೇ ಮಗಳನ್ನು ಕರೆದುಕೊಂಡು ರೋಮ್ ನೋಡಿದ್ದಾರೆ. ಇಬ್ಬರೂ ಕೂಡಿ ನೋಡಿದ್ದು ಮಾತ್ರ ಏನೂ ಇಲ್ಲ. ನಮ್ಮ ಮನೆಯ ಫೋಟೋಗಳನ್ನು ನೋಡಿದ ಹೊಸಬರಿಗೆ ಇದು ಡೈವೋರ್ಸ್ ಆದ ಸಂಸಾರ, ಮಗಳನ್ನು ಸರದಿಯ ಮೇಲೆ ಇಟ್ಟುಕೊಳ್ಳುತ್ತಾರೆ ಎಂಬ ಅನುಮಾನ ಬಂದರೆ ತಪ್ಪಲ್ಲ.

ಇದಕ್ಕೆ ಕಾರಣ ನಮ್ಮ ಅತ್ತೆಯವರು. ಅವರು ಕೆಟ್ಟವರಲ್ಲ, ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಏಕೆಂದರೆ ಸೊಸೆಯೊಬ್ಬಳು ಅತ್ತೆಯ ಮಾತು ತೆಗೆದರೆ ಕೇಳುವವರು ಕುರ್ಚಿ ಎಳೆದುಕೊಂಡು ಹತ್ತಿರ ಬರುತ್ತಾರೆ. ಮಾವನವರು ತೀರಿಕೊಂಡ ಮೇಲೆ ಧಾರವಾಡದಿಂದ ನಮ್ಮಲ್ಲಿಗೆ ಬಂದವರು, ತಮ್ಮ ಮಡಿಯನ್ನೂ ಜೊತೆಗೇ ತಂದರು. ಸ್ನಾನ ಮಾಡಿ, ಒಗೆದ ಬಟ್ಟೆ ಉಟ್ಟು, ಮನೆಯ ಒಲೆಯ ಮೇಲೆ ಬೇಯಿಸಿದ್ದನ್ನೇ ಉಣ್ಣುತ್ತಾರೆ. ಹೊರಗಿನದು ಒಂದು ತುತ್ತೂ ಇಲ್ಲ. ಇದನ್ನು ಬೇರೆ ಯಾರ ಮೇಲೂ ಹೇರುವವರಲ್ಲ. ಮೊಮ್ಮಗಳು ಬೀದಿಯಲ್ಲಿ ಬರ್ಗರ್ ತಿಂದು ಬಂದರೆ "ಕೈ ತೊಳಕೊಂಡು ಬಾ" ಎನ್ನುತ್ತಾರೆ, ಅಷ್ಟೇ. ಪಿನ್ನರಿನಲ್ಲಿರುವ ಮೈಸೂರಿನ ಡಾಕ್ಟರ ಮನೆಗೆ ಪೂಜೆಗೆಂದು ಹೋದಾಗಲೂ ಎರಡು ಬಾಳೆಹಣ್ಣು ತಿಂದು "ಹೊಟ್ಟಿ ತುಂಬ್ತು" ಎಂದು ಎಲ್ಲರ ಎದುರಿಗೂ ನಗುನಗುತ್ತಾ ಹೇಳಿ, ಮನೆಗೆ ಬಂದು ಅನ್ನಕ್ಕಿಟ್ಟವರು. ಹೋಟೆಲಿನಲ್ಲಿ ಇಳಿಯುವ ಮಾತೇ ಇಲ್ಲ. ಮನೆಯಲ್ಲಿ ಒಬ್ಬರನ್ನೇ ಬಿಟ್ಟು ಹೋಗೋಣವೆಂದರೆ, ಒಮ್ಮೆ ಬಚ್ಚಲಿನಲ್ಲಿ ಕಾಲು ಜಾರಿ ಬಿದ್ದ ಮೇಲೆ ರಾತ್ರಿ ಒಂಟಿಯಾಗಿ ಬಿಡಬೇಡಿ ಎಂದು ನಮ್ಮ ಬಡಾವಣೆಯ ಡಾಕ್ಟರು ಹೇಳಿದ್ದಾರೆ. ಹೀಗಾಗಿ ಒಬ್ಬರು ಊರು ನೋಡಿದರೆ ಇನ್ನೊಬ್ಬರು ಮನೆ ಕಾಯಬೇಕು.

ಈ ವರ್ಷ ಮಾರ್ಚಿನಲ್ಲಿ ಒಂದು ಬೆಳಿಗ್ಗೆ, ಅವಲಕ್ಕಿಗೆ ಒಗ್ಗರಣೆ ಹಾಕುತ್ತಾ, ಉಪ್ಪು ಹಾಕಿದೆನೋ ಇಲ್ಲವೋ ಎಂದು ಕೇಳುವ ದನಿಯಲ್ಲಿ ಅತ್ತೆಯವರು ಹೇಳಿದರು.

"ಸೆಪ್ಟೆಂಬರಿಗೆ ನಾ ಧಾರವಾಡಕ್ಕ ಹೋಗ್ತೀನಿ. ಅಲ್ಲೆ ನನ್ನ ಮಗಳ ಮನ್ಯಾಗ ಕೆಳಗಿನ ಖೋಲಿ ಖಾಲಿ ಆಗ್ಯದ."

"ಎಷ್ಟು ದಿವಸ ಅವ್ವಾ?" ಎಂದರು ನಮ್ಮವರು. ಕ್ಯಾನರಿ ವಾರ್ಫಿನ ಬ್ಯಾಂಕೊಂದರಲ್ಲಿ ಕಂಪ್ಯೂಟರು ನೋಡಿಕೊಳ್ಳುವ ಮನುಷ್ಯ. ಟ್ರೇನಿನ ಗಡಿಬಿಡಿಯಲ್ಲಿ ಅರ್ಧ ಕಿವಿಯಷ್ಟೇ ಮನೆಯಲ್ಲಿರುತ್ತದೆ.

"ಎಷ್ಟು ದಿವಸ ಅಂದ್ರ? ಇನ್ನ ಅಲ್ಲೇ."

ನಮ್ಮವರು ಕೆಲಸಕ್ಕೆ ಹೋದ ಮೇಲೆ ನಾನು ಅತ್ತೆಯವರನ್ನು ಬಿಡಲಿಲ್ಲ. ಏನಾಯಿತು, ಯಾರಾದರೂ ಏನಾದರೂ ಅಂದರೇ ಎಂದು ಕೇಳಿದೆ. ಅವರು ಸಮಾಧಾನದಿಂದಲೇ ಹೇಳಿದರು. "ಯಾರೂ ಏನೂ ಅಂದಿಲ್ಲ. ಆದ್ರ ನಾ ಏನು ಕುರುಡಿ ಅಲ್ಲ. ನನ್ನ ಸಲುವಾಗಿ ನೀವಿಬ್ಬರೂ ಒಂದು ದಿವಸ ಕೂಡಿ ಎಲ್ಲೂ ಹೋಗಿಲ್ಲ. ವಯಸ್ಸು ಇದ್ದಾಗ ತಿರುಗಬೇಕು. ನಾ ಇಲ್ಲಂದ್ರ ತಿರುಗ್ತೀರಿ."

ಸೊಸೆಗೆ ಇದಕ್ಕಿಂತ ಸಿಹಿ ಸುದ್ದಿ ಬೇಕೇ ಎಂದು ಯಾರಾದರೂ ಕೇಳಬಹುದು. ನನಗೆ ಸಿಟ್ಟು ಬಂತು. ನಮ್ಮ ಸುಖವನ್ನು ನಮ್ಮನ್ನು ಕೇಳದೆಯೇ ನಿರ್ಧರಿಸಿಬಿಟ್ಟಿದ್ದಾರಲ್ಲ ಎಂದು ಸಿಟ್ಟು. ಸಿಟ್ಟಿನ ಕೆಳಗೆ ದುಃಖವೂ ಇತ್ತು. ನಾನು ಕೆಲಸದಿಂದ ಬಂದ ಕೂಡಲೇ ಬಿಸಿ ಸಾರನ್ನು ಲೋಟಕ್ಕೆ ಬಗ್ಗಿಸಿ ಕೊಟ್ಟು, ಎದುರಿಗೆ ಕುರ್ಚಿ ಹಾಕಿಕೊಂಡು, "ಇವತ್ತ ಯಾರು ಜಗಳಾಡಿದ್ರು?" ಎಂದು ಕೇಳುವವರು ಅತ್ತೆಯವರು. ಸೂಟ್‌ಕೇಸು ಭಾರವಾಯಿತೆಂದು ಮೂರು ಕೋಟುಗಳನ್ನು ಒಂದರ ಮೇಲೊಂದು ಹಾಕಿಕೊಂಡು ನಿಂತ ಗಂಡಸಿನ ಕಥೆ, ಪಾಸ್‌ಪೋರ್ಟ್ ಮರೆತು ಬಂದು ಗಂಡನನ್ನು ಬೈದ ಹೆಂಗಸಿನ ಕಥೆ, ಎಲ್ಲ ಅವರಿಗೆ ಬೇಕು. ಮರುದಿನ "ಆ ಕೋಟಿನ ಮನಷ್ಯಾ ಮತ್ತ ಬಂದಿದ್ನೇನು?" ಎಂದು ವಿಚಾರಿಸುತ್ತಾರೆ. ಇದೇ ಕಥೆಯನ್ನು ನಮ್ಮವರಿಗೆ ಹೇಳಿದರೆ "ಹೂಂ" ಎನ್ನುತ್ತಾರೆ. ಆ ಹೂಂಗುಟ್ಟುವಿಕೆಯ ಜೊತೆ ಉಳಿದ ಆಯುಷ್ಯ ಕಳೆಯುವುದು ಹೇಗೆ?

ಟಿಕೆಟ್ಟೂ ಬಂತು. ಹೋಗುವುದು ಮಾತ್ರ, ಬರುವುದಿಲ್ಲ. ಒಂದೇ ಕಡೆಯ ಟಿಕೆಟ್ ಹಿಡಿದು ನನ್ನ ಕೌಂಟರಿಗೆ ಬರುವ ಮುದುಕರನ್ನು ನಾನು ನೋಡಿದ್ದೇನೆ. ಅವರ ಕೈಚೀಲದಲ್ಲಿ ದೇವರ ಫೋಟೋ ಇರುತ್ತದೆ, ಅದನ್ನು ಸಾಮಾನಿನಲ್ಲಿ ಹಾಕಲು ಒಪ್ಪುವುದಿಲ್ಲ.

ಅದೇ ದಿನಗಳಲ್ಲಿ ಪಕ್ಕದ ಕೌಂಟರಿನವಳು ರಜೆ ಮುಗಿಸಿ ಬಂದಳು. ಗಂಡ, ಮಕ್ಕಳು, ನಾಯಿ ಎಲ್ಲ ಸೇರಿ ಮೋಟರ್‌ಹೋಮ್ ಬಾಡಿಗೆಗೆ ಹಿಡಿದು ಸ್ಕಾಟ್ಲೆಂಡ್ ಸುತ್ತಿದರಂತೆ. ಹೋದಲ್ಲೆಲ್ಲ ಮನೆಯೂ ಹಿಂದೆಯೇ ಬರುತ್ತದೆ, ಮಂಚ, ಫ್ರಿಜ್ಜು, ಒಲೆ ಎಲ್ಲ ಇರುತ್ತದೆ ಎಂದಳು. ಒಲೆ ಎಂಬ ಮಾತು ಕೇಳಿದ್ದೇ ತಡ, ನಾನು ಮುಂದಿದ್ದ ಪ್ರಯಾಣಿಕನ ಬೋರ್ಡಿಂಗ್ ಪಾಸನ್ನು ಕೈಯಲ್ಲೇ ಹಿಡಿದು ಕೂತುಬಿಟ್ಟೆ. ಅವನು ಎರಡು ಸಲ ಕೆಮ್ಮಬೇಕಾಯಿತು. ಹೋಟೆಲಿಗೆ ಹೋಗದ ಅತ್ತೆಗೆ ಚಕ್ರವಿರುವ ಅಡುಗೆಮನೆ! ನಮ್ಮದೇ ಪಾತ್ರೆ, ನಮ್ಮದೇ ಅಕ್ಕಿ. ನಾಲ್ಕೂ ಜನ ಕೂಡಿ ಹೋಗಿ ಬಂದುಬಿಟ್ಟರೆ, ನನ್ನಿಂದ ನಿಮಗೆ ತೊಂದರೆ ಎಂಬ ಅವರ ವಾದ ಅಲ್ಲಿಗೆ ಮುಗಿಯಿತು. ಮತ್ತೆ ಧಾರವಾಡಕ್ಕೆ ಹೋಗುತ್ತೇನೆಂದು ಯಾವ ಬಾಯಿಂದ ಹೇಳುತ್ತಾರೆ ನೋಡೋಣ ಎಂದುಕೊಂಡೆ.

ಎಲ್ಲಿಗೆ ಹೋಗಬೇಕೆಂಬುದೂ ನನಗೆ ಗೊತ್ತಿತ್ತು. ನಮ್ಮವರು ಸಮುದ್ರ ಎಂದರು. ನಾನು ಬೆಟ್ಟ ಎಂದೆ. ಅತ್ತೆಯವರು ಮಧ್ಯಾಹ್ನವೆಲ್ಲ ಟಿವಿಯಲ್ಲಿ ಕಾಡುಪ್ರಾಣಿಗಳನ್ನು ನೋಡುತ್ತಾರೆ, ಅದೂ ದನಿ ಪೂರ್ತಿ ಆರಿಸಿ. "ಆ ಮನಷ್ಯಾ ನಡುನಡುವ ಮಾತಾಡ್ತಾನ" ಎಂದು ಅವರ ದೂರು. ಅವನ ಬದಲು ತಾವೇ ಮಾತಾಡುತ್ತಾರೆ. ಸಿಂಹಗಳು ಬಂದರೆ, "ನೋಡವಾ, ಬ್ಯಾಟಿ ಹೆಣ್ಣಿಂದು, ಊಟಕ್ಕ ಮದಲ ಇಂವಾ ಬಂದು ಕೂತ." ಪೆಂಗ್ವಿನ್ ಗಂಡು ಮೊಟ್ಟೆ ಕಾಯುತ್ತಾ ಹಿಮದಲ್ಲಿ ನಿಂತಿದ್ದರೆ, "ಗಂಡಸಂದ್ರ ಹಿಂಗಿರಬೇಕು" ಎಂದು ಮಗನ ಕಡೆ ಒಂದು ನೋಟ. ಇಷ್ಟೆಲ್ಲ ನೋಡಿದವರು ಇಷ್ಟು ವರ್ಷದಲ್ಲಿ ಕಣ್ಣಾರೆ ಕಂಡ ಕಾಡುಪ್ರಾಣಿ ಎಂದರೆ ನಮ್ಮ ಹಿತ್ತಿಲಿಗೆ ಬರುವ ಬಡಕಲು ನರಿ ಒಂದೇ. ಸ್ಕಾಟ್ಲೆಂಡಿನ ಕೇರ್ನ್‌ಗಾರ್ಮ್ಸ್ ಬೆಟ್ಟಸಾಲಿನ ರಾಷ್ಟ್ರೀಯ ಉದ್ಯಾನದಲ್ಲಿ ಕೊಂಬಿನ ಸಾರಂಗಗಳ ಹಿಂಡೇ ಓಡಾಡುತ್ತದೆ ಎಂದು ಮಗಳು ಹುಡುಕಿ ಹೇಳಿದಳು. ಅಲ್ಲಿಗೇ ಹೋಗುವುದೆಂದಾಯಿತು.

ಭಾನುವಾರಗಳೆಲ್ಲ ಯೋಜನೆಗೇ ಹೋದವು. ನಮ್ಮವರು ಊಟದ ಮೇಜಿನ ಮೇಲೆ ನಕಾಶೆ ಹರಡಿಕೊಂಡು, ಲಂಡನ್ನಿನಿಂದ ಉತ್ತರಕ್ಕೆ ಎಲ್ಲಿ ತಂಗಬೇಕು, ಎಲ್ಲಿ ಗಾಡಿಗೆ ನೀರು ಹಿಡಿಯಬೇಕು, ಎಲ್ಲಿ ಕರೆಂಟಿನ ವಯರು ಸಿಕ್ಕಿಸಬೇಕು ಎಂದು ಬಣ್ಣಬಣ್ಣದ ಗುರುತು ಹಾಕಿದರು. ಕಾಲೇಜು ಮೆಟ್ಟಿಲು ಹತ್ತಲಿರುವ ಮಗಳು ಕನ್ನಡ ಎಲ್ಲ ತಿಳಿದುಕೊಂಡು ಇಂಗ್ಲಿಷಿನಲ್ಲೇ ಉತ್ತರ ಕೊಡುವವಳು. ಅವಳ ಪಾಲಿಗೆ ಪ್ರಾಣಿಗಳು. ಕೆಂಪು ಅಳಿಲು, ಬೆಟ್ಟದ ಮೊಲ, ಮೀನು ಹಿಡಿಯುವ ಹದ್ದು ಎಂದು ಫೋನಿನಲ್ಲಿ ಒಂದೊಂದನ್ನೇ ಅಜ್ಜಿಗೆ ತೋರಿಸಿದಳು. ಅತ್ತೆಯವರು ಕನ್ನಡಕ ಏರಿಸಿ ನೋಡಿ, "ದೂರದ ಗುಡ್ಡ ನುಣ್ಣಗ. ನೋಡೂಣು" ಎಂದರು. ಆದರೆ ಪ್ರಶ್ನೆ ಕೇಳುವುದನ್ನು ಬಿಡಲಿಲ್ಲ.

"ಆ ಮನಿಗಾಡಿಯೊಳಗ ನಳಾ ಅದ ಏನು?"

"ಅದ್ರಿ."

"ಅದರಾಗ ನಮಗಿಂತ ಮದಲ ಯಾರು ಏನು ಬೇಯಿಸ್ಯಾರೋ."

"ಅರಿಶಿಣದ ನೀರು ಹಾಕಿ ಒಲಿ ಒರಸೂಣ್ರಿ. ಪಾತ್ರಿ ಎಲ್ಲಾ ನಮ್ಮವ."

"ದೇವರಿಗೆ ಜಾಗಾ?"

"ಫ್ರಿಜ್ಜಿನ ಮ್ಯಾಲೆ ಒಂದು ಕಪಾಟು ಅದ. ಪೂರ್ವಕ್ಕ ಗಾಡಿ ತಿರುಗಿಸಿ ನಿಲ್ಲಸ್ತಾರ ನಿಮ್ಮ ಮಗ."

ಮನಿಗಾಡಿ ಎಂಬ ಹೆಸರು ಅವರೇ ಇಟ್ಟದ್ದು. ಹೆಸರಿಟ್ಟಾಯಿತೆಂದರೆ ಅರ್ಧ ಒಪ್ಪಿದಂತೆ ಎಂದು ನಾನು ಹಿಗ್ಗಿದೆ.

ಏಪ್ರಿಲ್ಲಿನ ಒಂದು ಶನಿವಾರ ನಾಲ್ವರೂ ಗಾಡಿ ನೋಡಲು ಹೋದೆವು. ಊರ ಅಂಚಿನಲ್ಲಿ, ಗೋದಾಮುಗಳ ಹಿಂದೆ, ಬಿಳಿ ಗಾಡಿಗಳನ್ನು ಸಾಲಾಗಿ ನಿಲ್ಲಿಸಿದ ಅಂಗಳ. ಬಾಡಿಗೆಗೆ ಕೊಡುವವನು ತೋಳಿನ ತುಂಬ ಹಚ್ಚೆ ಹಾಕಿಸಿಕೊಂಡ, ಹಸನ್ಮುಖದ ಮನುಷ್ಯ. ಇಳಕಲ್ ಸೀರೆಯ ಮೇಲೆ ಉಬ್ಬಿದ ಕೋಟು, ಕಾಲಿಗೆ ಬೂಟು ಹಾಕಿದ್ದ ಅತ್ತೆಯವರಿಗೆ ಅವನು ಮೆಟ್ಟಿಲ ಬಳಿ ಕೈ ಕೊಟ್ಟು ಹತ್ತಿಸಿಕೊಂಡ. ಒಳಗೆ ಹೋದದ್ದೇ ಅವರ ಮುಖ ಅರಳಿತು. ಸೌಟು ಚಮಚೆಗಳ ಖಾನೆ ಎಳೆದು ನೋಡಿದರು, ನಳ ತಿರುಗಿಸಿದರು, ಫ್ರಿಜ್ಜಿನ ಮೇಲಿನ ಕಪಾಟನ್ನು ಬೆರಳಿನಿಂದ ಒರೆಸಿ ಧೂಳಿಲ್ಲವೆಂದು ಖಾತ್ರಿ ಮಾಡಿಕೊಂಡರು. ಮಂಚದ ಮೇಲೆ ಕೂತು, "ಹಾಸಗಿ ಇದ್ದಷ್ಟ ಕಾಲು ಚಾಚಬೇಕು, ನಿನ್ನ ಗಂಡಗ ಹೇಳು" ಎಂದು ನಕ್ಕರು. ಮಂಚದ ಬದಿಗೆ ಒಂದು ಸಣ್ಣ ಕಿಟಕಿ ಇತ್ತು. ಅದಕ್ಕೆ ಮುಖವಿಟ್ಟು ಹೊರಗಿನ ಗೋದಾಮನ್ನು ಅವರು ಬೆಟ್ಟವೆಂಬಂತೆ ನೋಡುತ್ತಿದ್ದರು. ಗೆದ್ದೆ ಎಂದುಕೊಂಡೆ.

ಆಗ ಆ ಪುಣ್ಯಾತ್ಮ, ಕೊನೆಗೆ ಉಳಿಸಿಕೊಂಡಿದ್ದ ಮಿಠಾಯಿಯನ್ನು ಕೊಡುವವನಂತೆ, ಒಲೆಯ ಪಕ್ಕದ ಬಾಗಿಲನ್ನು ತೆಗೆದ. ಅದರೊಳಗೆ ಬೆಳ್ಳಗೆ, ಹೊಳೆಯುತ್ತಾ, ಸಂಡಾಸ. ಒಲೆಗೂ ಅದಕ್ಕೂ ನಡುವೆ ಒಂದು ಗೇಣು.

ನನ್ನ ಬುದ್ಧಿಗೆ ಏನು ಮಂಕು ಕವಿದಿತ್ತೋ. ಕಂಪನಿಯ ಪುಸ್ತಿಕೆಯಲ್ಲಿ ಅಡುಗೆಮನೆ ಒಂದು ಪುಟದಲ್ಲಿತ್ತು, ಬಚ್ಚಲು ಇನ್ನೊಂದು ಪುಟದಲ್ಲಿತ್ತು. ನಡುವೆ ಗೋಡೆಯೂ ಒಂದು ಪಡಸಾಲೆಯೂ ಇದ್ದೀತೆಂದು ನಾನೇ ಮನಸ್ಸಿನಲ್ಲಿ ಕಟ್ಟಿಕೊಂಡಿದ್ದೆ. ಒಂದು ವ್ಯಾನಿನಲ್ಲಿ ಪಡಸಾಲೆ ಎಲ್ಲಿಂದ ಬರಬೇಕು?

ಅಷ್ಟಕ್ಕೇ ಅವನು ಬಿಡಲಿಲ್ಲ. ಹೊರಗೆ ಕರೆದುಕೊಂಡು ಹೋಗಿ, ಗಾಡಿಯ ಪಕ್ಕೆಯಲ್ಲಿದ್ದ ಸಣ್ಣ ಮುಚ್ಚಳ ತೆಗೆದು, ಒಳಗಿಂದ ಒಂದು ಪೆಟ್ಟಿಗೆಯನ್ನು ಜಗ್ಗಿದ. ಎಲ್ಲ ಇದರೊಳಗೆ ಬೀಳುತ್ತದೆ, ತುಂಬಿದ ಮೇಲೆ ಕ್ಯಾಂಪಿನಲ್ಲಿ ಇದಕ್ಕೆಂದೇ ಇರುವ ಜಾಗಕ್ಕೆ ಒಯ್ದು ಖಾಲಿ ಮಾಡಿ ಬರಬೇಕು, ಬಹಳ ಸುಲಭ ಎಂದು ಎರಡೂ ಕೈಯಲ್ಲಿ ಎತ್ತಿ ತೋರಿಸಿದ. ನಮ್ಮವರ ಮುಖ ಆ ಪೆಟ್ಟಿಗೆಗಿಂತ ಬಿಳಿಯಾಯಿತು.

"ಒಯ್ಯೋರು ಯಾರು?" ಎಂದರು ಅತ್ತೆಯವರು.

"ಡ್ಯಾಡ್," ಎಂದಳು ಮಗಳು.

ಅತ್ತೆಯವರು ಆ ಮನುಷ್ಯನಿಗೆ ಕೈ ಮುಗಿದು ಥ್ಯಾಂಕ್ಯೂ ಹೇಳಿ, ಹೋಗಿ ನಮ್ಮ ಕಾರಿನಲ್ಲಿ ಕೂತರು.

ವಾಪಸ್ ಬರುವಾಗ ದಾರಿಯುದ್ದಕ್ಕೂ ನಮ್ಮವರು ಉಪಾಯಗಳನ್ನು ಸೂಚಿಸಿದರು. ನಡುವೆ ಪರದೆ ಕಟ್ಟೋಣ, ಹಲಗೆ ಹೊಡೆಯೋಣ, ಅಡುಗೆ ಹೊತ್ತಿಗೆ ಅಗರಬತ್ತಿ ಹಚ್ಚೋಣ. ಮಗಳು, "ಇಟ್ ಹ್ಯಾಸ್ ಅ ಡೋರ್, ಅಜ್ಜಿ" ಎಂದಳು.

"ಬಾಗಲಾ ಅದ ಖರೆ. ಗಾಳಿಗೆ ಬಾಗಲಾ ಅದ ಏನು?" ಎಂದರು ಅತ್ತೆಯವರು. ಆಮೇಲೆ ಮೆತ್ತಗೆ, ಯಾವ ಮುನಿಸೂ ಇಲ್ಲದೆ, "ಹೋಗ್ಲಿ ಬಿಡ್ರಿ. ನೀವು ಮೂರೂ ಮಂದಿ ಹೋಗಿ ಬರ್ರಿ. ಸೆಪ್ಟೆಂಬರ್ ಆದ ಮ್ಯಾಲೆ ಆರಾಮ ಹೋಗ್ಬಹುದಲ್ಲ" ಎಂದರು.

ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಅವರ ವಾದವನ್ನು ಮುರಿಯಲು ಹೋಗಿ ನಾನೇ ಅದಕ್ಕೆ ಸಾಕ್ಷಿ ಒದಗಿಸಿದಂತಾಗಿತ್ತು. ಮನೆಗೆ ಬಂದು ಅವರು ಹುರುಳಿಕಾಯಿ ಸೋಸಲು ಕೂತಾಗ ನನಗೆ ತಡೆಯಲಾಗಲಿಲ್ಲ.

"ಮೂರು ಮಂದಿ ಹೋಗ್ಲಿಕ್ಕೆ ಮನಿಗಾಡಿ ಯಾಕ ಬೇಕಿತ್ರಿ? ಊರ ತುಂಬ ಹೋಟೆಲ್ ಇಲ್ಲೇನು? ನಿಮ್ಮ ಸಲುವಾಗಿ ಹುಡುಕಿದ್ದು ನಾನು. ನೀವು ಹೋದ ಮ್ಯಾಲೆ ನಾವು ಊರೂರು ಕುಣಕೋತ ತಿರುಗ್ತೀವಿ ಅಂತ ತಿಳಕೊಂಡೀರೇನು? ಕೆಲಸದಿಂದ ಬಂದು ಯಾರು ಜಗಳಾಡಿದ್ರು ಅಂತ ನಾ ಯಾರ ಮುಂದ ಹೇಳ್ಲಿ? ಗ್ವಾಡಿ ಮುಂದ?"

ಹೇಳುತ್ತಾ ಹೇಳುತ್ತಾ ಅಳುವೇ ಬಂದುಬಿಟ್ಟಿತು. ದಿನವೂ ಸಾವಿರ ಜನರೆದುರು ನಗುತ್ತಾ ಕೂರುವವಳು ನಾನು. ಹುರುಳಿಕಾಯಿಯ ಎದುರು ನನಗೆ ಮುಖ ಹಿಡಿದಿಟ್ಟುಕೊಳ್ಳಲು ಆಗಲಿಲ್ಲ. ಅತ್ತೆಯವರು ತಲೆ ಎತ್ತದೆ ನಾರು ತೆಗೆಯುತ್ತಲೇ ಇದ್ದರು. ಕೊನೆಯ ಕಾಯಿ ಮುರಿದು ಹಾಕಿ, "ಸಾರಿಗೆ ಉಪ್ಪು ಹಾಕೀಯೇನು, ನೋಡು" ಎಂದರು. ಹಾಕಿರಲಿಲ್ಲ.

ಆಮೇಲಿನ ಕೆಲವು ದಿನ ಮನೆಯಲ್ಲಿ ಪ್ರವಾಸದ ಮಾತೇ ಇಲ್ಲ. ನಕಾಶೆ ಮಡಚಿ ಕಪಾಟು ಸೇರಿತು. ಒಂದು ಮಧ್ಯಾಹ್ನ ನಾನು ಬಟ್ಟೆ ಇಸ್ತ್ರಿ ಮಾಡುತ್ತಿದ್ದಾಗ, ಟಿವಿಯ ಮೇಲಿನ ಕಣ್ಣು ತೆಗೆಯದೆ ಅತ್ತೆಯವರೇ ಕೇಳಿದರು.

"ಆ ಗಾಡಿ ರಾತ್ರಿ ಎಲ್ಲೆ ನಿಲ್ಲಸ್ತಾರ?"

"ಕ್ಯಾಂಪ್ ಅಂತ ಇರ್ತಾವ್ರಿ. ಹುಲ್ಲಿನ ಬಯಲು."

"ಗಿಡಾ ಇರ್ತಾವೇನು?"

"ಇರ್ತಾವ್ರಿ."

"ನೀರಿನ ನಳಾ? ಸಂಡಾಸ?"

"ಎಲ್ಲಾ ಅಲ್ಲೇ ಇರ್ತಾವ. ಕ್ಯಾಂಪಿನವರೇ ಕಟ್ಟಿಸಿರ್ತಾರ, ದೂರದಾಗ."

ಅವರು ಟಿವಿ ಆರಿಸಿದರು. "ಮತ್ತ ಅಷ್ಟೊತ್ತಿನಿಂದ ಯಾಕ ಬಡಕೊಳ್ಳಿಕತ್ತೀರಿ? ನಾ ಸಣ್ಣಾಕಿ ಇದ್ದಾಗ ಸ್ವಾದರ ಅತ್ತಿ ಮದವಿಗೆ ಚಕ್ಕಡಿಯೊಳಗ ಹೋಗಿದ್ವಿ. ಎರಡು ದಿವಸದ ದಾರಿ. ಚಕ್ಕಡಿಯೊಳಗ ಕೂತು ಯಾರರೆ ಅಡಗಿ ಮಾಡ್ತಾರೇನು? ಹಳ್ಳದ ದಂಡಿಗೆ ಎತ್ತು ಬಿಚ್ಚೋದು, ಗಿಡದ ಬುಡಕ ಮೂರು ಕಲ್ಲು ಇಡೋದು, ನಮ್ಮ ಅಜ್ಜಿ ಹಳ್ಳದಾಗ ಝಳಕಾ ಮಾಡಿ ಬಂದು ಒಲಿ ಹಚ್ಚೋದು. ಎಷ್ಟು ಮಡಿ ಮಾಡ್ತಿದ್ಲು ಗೊತ್ತದ ಏನು ನಮ್ಮ ಅಜ್ಜಿ? ನನ್ನ ಹತ್ತರ ಅದರ ಕಾಲುಭಾಗಾನೂ ಇಲ್ಲ. ಗಾಡಿ ಮಲಗ್ಲಿಕ್ಕೆ. ಒಲಿ ಹೊರಗ. ಆ ಸಂಡಾಸಕ್ಕ ಕೀಲಿ ಜಡೀರಿ, ಮುಗೀತು."

ನಾನು ಇಸ್ತ್ರಿಪೆಟ್ಟಿಗೆಯನ್ನು ಎತ್ತಿ ಹಿಡಿದವಳು ಹಿಡಿದಂತೆಯೇ ನಿಂತಿದ್ದೆ. ಅಡುಗೆಮನೆ ಇದೆಯೆಂಬ ಒಂದೇ ಕಾರಣಕ್ಕೆ ನಾನು ಹುಡುಕಿದ ಗಾಡಿಯನ್ನು, ಅಡುಗೆಮನೆಯೊಂದನ್ನು ಬಿಟ್ಟು ಉಳಿದೆಲ್ಲದರ ಸಲುವಾಗಿ ಅವರು ಒಪ್ಪಿಕೊಂಡಿದ್ದರು. ಸಂಜೆ ಸುದ್ದಿ ಕೇಳಿ ಎಲ್ಲರಿಗಿಂತ ಹೆಚ್ಚು ಸಂತೋಷಪಟ್ಟವರು ನಮ್ಮವರು. ಕೀಲಿ ಜಡಿದ ಮೇಲೆ ಆ ಪೆಟ್ಟಿಗೆಯನ್ನು ಹೊರುವ ಪ್ರಶ್ನೆಯೇ ಇಲ್ಲವಲ್ಲ.

ಆದರೂ ಪರೀಕ್ಷೆ ಆಗಬೇಕೆಂದರು ಅತ್ತೆಯವರು. ಮುಂದಿನ ಶನಿವಾರ, ಸ್ನಾನ ಮುಗಿಸಿ, ನಮ್ಮ ಹಿತ್ತಿಲಿನ ಹುಲ್ಲಿನ ಮೇಲೆ ಮಣೆ ಹಾಕಿ ಕೂತರು. ಮುಂದೆ ನಮ್ಮವರು ತಂದಿದ್ದ ಕ್ಯಾಂಪಿಂಗ್ ಗ್ಯಾಸ್ ಒಲೆ, ಅದರ ಮೇಲೆ ಭಕ್ಕರಿಯ ಹಂಚು. ಜೋಳದ ಹಿಟ್ಟು ನಾದಿ, ಬಡಿದು, ಮೊದಲ ಭಕ್ಕರಿ ಹಂಚಿಗೆ ಹಾಕಿದ್ದೇ ತಡ, ಫೆಲ್ಥಮ್ಮಿನ ಗಾಳಿ ಬಂದು ಉರಿಯನ್ನು ಪಕ್ಕಕ್ಕೆ ಮಲಗಿಸಿತು. ಛತ್ರಿ ಹಿಡಿದೆವು, ಅದು ತಿರುವುಮುರುವಾಗಿ ಹಾರಿತು. ಕೊನೆಗೆ ನಾನು ಮಾಳಿಗೆಯ ಮೇಲಿಂದ ನನ್ನ ದೊಡ್ಡ ಗಟ್ಟಿ ಸೂಟ್‌ಕೇಸ್ ತಂದು, ಬಾಯಿ ತೆರೆದು, ಒಲೆಯ ಹಿಂದೆ ಗೋಡೆಯಂತೆ ನಿಲ್ಲಿಸಿದೆ. ಉರಿ ನೆಟ್ಟಗಾಯಿತು. ಭಕ್ಕರಿ ಉಬ್ಬಿತು. ತಲೆಯ ಮೇಲೆ ವಿಮಾನವೊಂದು ಹೊಟ್ಟೆ ತೋರಿಸಿಕೊಂಡು ಹೋಯಿತು. "ನಿನ್ನ ಮಂದಿ ಹೊಂಟ್ರು ನೋಡು" ಎಂದರು ಅತ್ತೆಯವರು. ಬೇಲಿಯ ಸಂದಿಯಲ್ಲಿ ನಮ್ಮ ಬಡಕಲು ನರಿ, ಭಕ್ಕರಿಗೆಂದು ಕಡಲೆಹಿಟ್ಟಿನಲ್ಲಿ ಮಾಡಿದ್ದ ಝುಣಕದ ವಾಸನೆಗೆ ಮೂತಿ ಹಾಕಿ ನಿಂತಿತ್ತು. ಮಗಳು ಹುಲ್ಲಿನ ಮೇಲೆ ಕಾಲು ಚಾಚಿ ಮೂರು ಭಕ್ಕರಿ ತಿಂದು, "ದಿಸ್ ಇಸ್ ಬೆಟರ್ ದ್ಯಾನ್ ಪ್ಯಾರಿಸ್" ಎಂದಳು. ಪ್ಯಾರಿಸ್ಸಿಗೆ ಕರೆದುಕೊಂಡು ಹೋಗಿದ್ದವಳು ನಾನು, ಆದರೂ ಬೇಜಾರಾಗಲಿಲ್ಲ.

ಆಗಸ್ಟಿಗೆ ಗಾಡಿ ಗೊತ್ತು ಮಾಡೋಣವೆಂದಾಯಿತು. ನಕಾಶೆ ಮತ್ತೆ ಮೇಜಿಗೆ ಬಂತು. ಅತ್ತೆಯವರು ಚಟ್ನಿಪುಡಿ ಕುಟ್ಟಿದರು, ಡಬ್ಬಿಗಳನ್ನು ತೊಳೆದು ಬಿಸಿಲಿಗಿಟ್ಟರು. ಹಾಗೆ ಇಡುತ್ತಾ ಒಂದು ದಿನ, "ಛಲೋ ಆತು. ಹೋಗೂಕಿಂತ ಮದಲ ಎಲ್ಲಾರೂ ಕೂಡಿ ಒಂದು ಸಲ ನೋಡಿದಂಗಾತು" ಎಂದರು.

ಅವರು ಬರಲು ಒಪ್ಪಿದ್ದರು, ಇರಲು ಒಪ್ಪಿರಲಿಲ್ಲ. ಸೆಪ್ಟೆಂಬರಿನ ಟಿಕೆಟ್ ಹಾಗೇ ಇತ್ತು. ನಾನು ಅವರನ್ನು ಉಳಿಸಿಕೊಳ್ಳಲು ಹೂಡಿದ ಪ್ರವಾಸ ಅವರನ್ನು ಬೀಳ್ಕೊಡುವ ಪ್ರವಾಸವಾಗಿ ಕೂತಿತ್ತು. ಒಮ್ಮೆ ಅತ್ತು ಕೂಗಾಡಿದ್ದಾಗಿದೆ, ಇನ್ನೊಮ್ಮೆ ಹೇಗೆ ಕೂಗಾಡಲಿ? ಸುಮ್ಮನೆ ಡಬ್ಬಿಗಳ ಮುಚ್ಚಳ ಒರೆಸಿದೆ.

ಮೇ ತಿಂಗಳ ಒಂದು ಸಂಜೆ. ನಾನು ಆಗಷ್ಟೇ ಪಾಳಿ ಮುಗಿಸಿ ಬಂದು ಸಾರಿನ ಲೋಟ ಹಿಡಿದು ಕೂತಿದ್ದೆ. ನಾವು ಹೋಗಬೇಕಾದ ಬೆಟ್ಟಗಳದ್ದೇ ಒಂದು ಕಾರ್ಯಕ್ರಮ ಸಿಕ್ಕಿತೆಂದು ಮಗಳು ಅಜ್ಜಿಗೆ ಹಾಕಿ ಕೊಟ್ಟಿದ್ದಳು. ಎಂದಿನಂತೆ ದನಿ ಇಲ್ಲ. ಮಂಜು, ಕಂದು ಬಣ್ಣದ ಗುಡ್ಡ, ಅದರ ಮೇಲೆ ಒಣಗಿದ ಮರದಷ್ಟು ದೊಡ್ಡ ಕೊಂಬಿನ ಗಂಡು ಸಾರಂಗ. ಅದು ಕತ್ತು ಎತ್ತಿ ಬಾಯಿ ತೆರೆಯಿತು, ಮುಚ್ಚಿತು. ಮತ್ತೆ ತೆರೆಯಿತು.

"ಇದಕ್ಕೇನಾಗ್ಯದ? ಆಕಳಸ್ತದೇನು?" ಎಂದರು ಅತ್ತೆಯವರು.

ಮಗಳು ನಕ್ಕು ದನಿ ಏರಿಸಿದಳು. ನಮ್ಮ ಪುಟ್ಟ ಕೋಣೆ ನಡುಗಿತು. ಎಮ್ಮೆಯ ಕೂಗಿನಂತೆಯೂ ಅಲ್ಲ, ಹುಲಿಯ ಗರ್ಜನೆಯಂತೆಯೂ ಅಲ್ಲ. ಗುಡ್ಡವೇ ಗಂಟಲು ಸರಿಮಾಡಿಕೊಂಡ ಹಾಗೆ ಇತ್ತು. ಅತ್ತೆಯವರು ಎದೆಯ ಮೇಲೆ ಕೈಯಿಟ್ಟುಕೊಂಡರು. ಕಣ್ಣು ಅಗಲವಾದವು. ಇನ್ನೊಂದು ಗುಡ್ಡದಿಂದ ಇನ್ನೊಂದು ಸಾರಂಗ ಉತ್ತರ ಕೊಟ್ಟಾಗ ಸಣ್ಣ ಹುಡುಗಿಯ ಹಾಗೆ ಗಟ್ಟಿಯಾಗಿ ನಕ್ಕುಬಿಟ್ಟರು.

"ಎಷ್ಟು ಛಂದ ಒದರ್ತದಲ್ಲ! ನಾವು ಹೋದಾ‌ಗ ಹಿಂಗ ಒದರ್ತದೇನು?"

"ನೋ ಅಜ್ಜಿ. ಇನ್ ಆಗಸ್ಟ್ ದೇ ಆರ್ ಕ್ವಾಯೆಟ್. ಓನ್ಲಿ ಇನ್ ಅಕ್ಟೋಬರ್," ಎಂದಳು ಮಗಳು.

ಅತ್ತೆಯವರಿಗೆ ಅಷ್ಟು ಇಂಗ್ಲಿಷ್ ತಿಳಿಯುತ್ತದೆ.

"ಹಂಗಾದ್ರ ಆಗಸ್ಟಿನಾಗ ಹೋಗಿ ಏನು ಮಾಡೋದು? ಮೂಕ ಸಾರಂಗ ಟಿವಿಯೊಳಗ ದಿನಾ ನೋಡೇನಿ. ಅಕ್ಟೋಬರಿಗೇ ಹೋಗೂಣು."

"ಆದ್ರ ಅವ್ವಾ, ಸೆಪ್ಟೆಂಬರಿಗೆ ನಿನ್ನ ಟಿಕೆಟ್ಟು..." ಎಂದು ನಮ್ಮವರು ಬಾಯಿ ತೆರೆದರು. ನಾನು ಮೇಜಿನ ಕೆಳಗೆ ಅವರ ಕಾಲನ್ನು ಗಟ್ಟಿಯಾಗಿ ತುಳಿದೆ. ತಡವಾಗಿತ್ತು.

"ಟಿಕೆಟ್ ಮುಂದ ಹಾಕ್ಲಿಕ್ಕೆ ಬರಂಗಿಲ್ಲೇನು? ನಿನ್ನ ಹೆಂಡತಿ ದಿನಾ ವಿಮಾನದ ಬಾಗಲದಾಗೇ ಕೂತಿರ್ತಾಳಲ್ಲ," ಎಂದರು ಅತ್ತೆಯವರು, ಕಣ್ಣು ಇನ್ನೂ ಸಾರಂಗದ ಮೇಲೆಯೇ.

ನಾನು ಲ್ಯಾಪ್‌ಟಾಪ್ ತಂದೆ. ಹೊಸ ತಾರೀಖು ಯಾವುದೆಂದು ಕೇಳುವ ಪುಟ ತೆರೆದುಕೊಂಡಿತು. ತಾರೀಖು ಈಗ ಗೊತ್ತಿಲ್ಲದವರು ಅದನ್ನು ಖಾಲಿ ಬಿಟ್ಟು ಮುಂದೆ ಹೇಳಬಹುದೆಂದೂ ಕೆಳಗೆ ಬರೆದಿತ್ತು.

"ನವೆಂಬರ್ ಹಾಕ್ಲೇನ್ರಿ, ಅತ್ತಿಯವರ?"

ಅವರು ಮೊಮ್ಮಗಳ ಕಡೆ ತಿರುಗಿದರು. "ಇವು ಮರಿ ಯಾವಾಗ ಹಾಕ್ತಾವ ಪುಟ್ಟಿ?"

"ಜೂನ್, ಅಜ್ಜಿ. ನೆಕ್ಸ್ಟ್ ಸಮ್ಮರ್."

ಅತ್ತೆಯವರು ಲೆಕ್ಕ ಹಾಕುವವರಂತೆ ಸೀರೆಯ ಸೆರಗನ್ನು ಬೆರಳಿಗೆ ಸುತ್ತಿಕೊಂಡರು, ಬಿಚ್ಚಿದರು. ನಮ್ಮವರು ಈ ಸಲ ತಮ್ಮ ಕಾಲನ್ನು ಮೊದಲೇ ಹಿಂದಕ್ಕೆ ಎಳೆದುಕೊಂಡರು.

"ತಾರೀಖು ಹಾಕಬ್ಯಾಡ. ಹಂಗ ಇಡು," ಎಂದರು.

ನಾನು ಖಾಲಿ ಬಿಟ್ಟು ಗುಂಡಿ ಒತ್ತಿದೆ. ಎಷ್ಟೋ ಜನರ ಟಿಕೆಟ್ಟುಗಳನ್ನು ದಿನವಿಡೀ ನೋಡುವ ನನಗೆ, ಜೀವನದಲ್ಲಿ ಒಂದು ಟಿಕೆಟ್ ನೋಡಿ ಇಷ್ಟು ಖುಷಿಯಾದದ್ದು ಅದೇ ಮೊದಲು. ಅದನ್ನು ಹೇಳಬೇಕೆಂದು ತಲೆ ಎತ್ತಿದರೆ ಅತ್ತೆಯವರು ಆಗಲೇ ಟಿವಿಯ ದನಿ ಆರಿಸಿ, ತಮ್ಮ ಕುರ್ಚಿಯನ್ನು ನನ್ನ ಎದುರಿಗೆ ಎಳೆದುಕೊಳ್ಳುತ್ತಿದ್ದರು.

"ಸಾರು ಆರ್ಲಿಕತ್ತದ, ಕುಡಿ. ಇವತ್ತ ಯಾರು ಜಗಳಾಡಿದ್ರು, ಹೇಳ್ಲೇ ಇಲ್ಲಲ್ಲ?"

ನಾನು ಲ್ಯಾಪ್‌ಟಾಪ್ ಮುಚ್ಚಿ ಪಕ್ಕಕ್ಕಿಟ್ಟು ಹೇಳಲು ಶುರುಮಾಡಿದೆ.